ಇನ್ನೂರಣ್ಣ ಮಾಡದೆ ಬಿಟ್ಟ ರಿಪೇರಿ

ಹೆತ್ತವರು ಅವನಿಗೂ ಒಂದು ಹೆಸರು ಇಟ್ಟಿದ್ದರು. ಅದೇನು ಎಂದು ಈಗ ಕೇಳಿದರೆ ಅವನ ಹೆಂಡತಿ ಕೂಡ ಒಂದು ಗಳಿಗೆ ಯೋಚಿಸಬೇಕು. ಎಲ್ಲರ ಬಾಯಲ್ಲೂ ಅವನು ಇನ್ನೂರಣ್ಣ. ಈ ಹೆಸರು ಅಂಟಿಕೊಂಡದ್ದು ಅವನ ಕಸುಬಿನಿಂದ, ಕಸುಬಿಗಿಂತ ಹೆಚ್ಚಾಗಿ ಅವನ ಹಟದಿಂದ.

ಅಂಗಡಿ, ಕಚೇರಿ, ಕ್ಲಿನಿಕ್ಕುಗಳಲ್ಲಿ ಎಲ್ಲ ಕಂಪ್ಯೂಟರುಗಳ ಫೈಲುಗಳನ್ನೂ ಒಂದೇ ಕಡೆ ಕೂಡಿಡಲು ಒಂದು ಕರಿ ಪೆಟ್ಟಿಗೆ ಇರುತ್ತದಲ್ಲ, ಅದನ್ನು ಕೂರಿಸುವುದು, ಕೆಟ್ಟಾಗ ನೋಡುವುದು ಅವನ ಕೆಲಸ. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿ ಮೂಲೆಯಲ್ಲಿಟ್ಟರೆ ಆ ಪೆಟ್ಟಿಗೆ ಗುಂಯ್ ಎನ್ನುತ್ತ, ಹಸಿರು ದೀಪ ಮಿಟುಕಿಸುತ್ತ ತನ್ನ ಪಾಡಿಗೆ ತಾನಿರುತ್ತದೆ. ನೆಟ್ಟಗಿರುವವರೆಗೆ ಅದನ್ನು ಯಾರೂ ಕ್ಯಾರೇ ಅನ್ನುವುದಿಲ್ಲ. ಒಂದು ಬೆಳಿಗ್ಗೆ ಅದು ಪರದೆಯ ಮೇಲಿಂದ ಮಾಯವಾಯಿತೆನ್ನಿ, ಇಡೀ ಕಚೇರಿ ಎದೆ ಬಡಿದುಕೊಳ್ಳುತ್ತದೆ. ಆಗ ಇನ್ನೂರಣ್ಣನಿಗೆ ಫೋನು ಹೋಗುತ್ತದೆ, ಅವನು ತೋಳು ಮಡಚುತ್ತ ಬಂದು ಮೇಜಿನ ಕೆಳಗೆ ತೂರಿಕೊಳ್ಳುತ್ತಾನೆ.

ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರ್ ಬೇಕು. ಇನ್ನೂರಣ್ಣ ತಾನು ಕೂರಿಸಿದ ಪೆಟ್ಟಿಗೆಗಳಿಗೆಲ್ಲ ಕೊಟ್ಟದ್ದು ಒಂದೇ ನಂಬರ್, ಇನ್ನೂರು. ದರ್ಜಿಯ ಅಂಗಡಿಯಲ್ಲೂ ಇನ್ನೂರು, ವಕೀಲರ ಕಚೇರಿಯಲ್ಲೂ ಇನ್ನೂರು, ಶವಪೆಟ್ಟಿಗೆ ಮಾಡುವವನ ಮಳಿಗೆಯಲ್ಲೂ ಇನ್ನೂರು. ಒಳಗಿನ ಫೋಲ್ಡರುಗಳ ಹೆಸರೂ ಎಲ್ಲ ಕಡೆ ಒಂದೇ, ಪಾಸ್‌ವರ್ಡೂ ಒಂದೇ. ಇದು ಸರಿಯೇ ಎಂದು ಯಾರಾದರೂ ಮೆಲ್ಲಗೆ ಕೇಳಿದರೆ ಅವನು ಮೂಗು ಮುರಿಯುತ್ತಿದ್ದ. "ಒಂದು ಮನೆಗೆ ಒಂದು ಪೆಟ್ಟಿಗೆ. ನಿಮ್ಮನೆ ಇನ್ನೂರು ನಿಮ್ಮ ಗೋಡೆ ದಾಟಲ್ಲ, ಅವರ ಮನೆ ಇನ್ನೂರು ಅವರ ಗೋಡೆ ದಾಟಲ್ಲ. ಜಗಳ ಎಲ್ಲಿಂದ ಬರ್ಬೇಕು ಹೇಳಿ?"

ಈ ಚಾಳಿ ಅವನ ಕಸುಬಿಗೆ ಮಾತ್ರ ಸೀಮಿತವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಅಂಗಿ ನೇತುಹಾಕಲು ಅವನಿಗೆ ಒಂದೇ ಮೊಳೆ, ಕೂರಲು ಒಂದೇ ಕುರ್ಚಿ. ಎರಡನೆಯ ಮಗಳು ಹುಟ್ಟಿದಾಗ ಅವಳಿಗೂ ಮೊದಲನೆಯವಳ ಹೆಸರನ್ನೇ ಇಡೋಣ, ಹೇಗೂ ಇಬ್ಬರೂ ಮುಂದೆ ಬೇರೆ ಬೇರೆ ಮನೆಗೆ ಹೋಗುವವರು ತಾನೇ ಎಂದು ಗಂಭೀರವಾಗಿಯೇ ಹೇಳಿದ್ದ. "ಅಲ್ಲೀತನಕ ಇಬ್ರೂ ಇರೋದು ಒಂದೇ ಮನೇಲಿ ಕಣ್ರೀ! ಊಟಕ್ಕೆ ಕರೆದ್ರೆ ಯಾರು ಬರ್ಬೇಕು?" ಎಂದು ಹೆಂಡತಿ ಗದರಿದ ಮೇಲೆ ಸುಮ್ಮನಾದ. ಅವಳು ಅಂದು ಹೇಳಿದ ಮಾತನ್ನು ಅವನು ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಅವನಿಗೆ ಎರಡು ಫೋನು ಬಂದವು. ಎರಡೂ ಒಂದೇ ಕಟ್ಟಡದಿಂದ, ಎರಡರಲ್ಲೂ ಒಂದೇ ದೂರು. ಪೆಟ್ಟಿಗೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಎರಡರಲ್ಲೂ ಕೊನೆಗೆ ಒಂದೇ ತಾಕೀತು, "ನಾನು ಫೋನ್ ಮಾಡಿದ್ದು ಅವನಿಗೆ ಗೊತ್ತಾಗಬಾರ್ದು."

ಆ ಕಟ್ಟಡ ಅಣ್ಣ ತಮ್ಮಂದಿರದ್ದು. ಅಣ್ಣ ಹಲ್ಲಿನ ಡಾಕ್ಟರ್. ತಮ್ಮ ಕಟ್ಟುಹಲ್ಲು ಮಾಡುವವನು. ನಡುವೆ ಒಂದು ಹಜಾರ, ಹಜಾರದ ಎಡಬಾಗಿಲು ಅಣ್ಣನ ಕ್ಲಿನಿಕ್ಕಿಗೆ, ಬಲಬಾಗಿಲು ತಮ್ಮನ ವರ್ಕ್‌ಶಾಪಿಗೆ. ಹಜಾರದ ಮಧ್ಯದಲ್ಲಿ ಮೇಜು ಹಾಕಿಕೊಂಡು ಇಬ್ಬರಿಗೂ ಬರುವ ಜನರನ್ನು ಮಾತಾಡಿಸುವವಳು ಅವರ ಅಕ್ಕ. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ಇಬ್ಬರ ಮೂಗು ಒರೆಸಿ ದೊಡ್ಡವರನ್ನಾಗಿ ಮಾಡಿದವಳು ಅವಳೇ.

ಹಿಂದೆ ಎಲ್ಲ ಚೆನ್ನಾಗಿಯೇ ಇತ್ತು. ಅಣ್ಣ ಬಾಯಿಯ ಅಳತೆ ತೆಗೆದರೆ ತಮ್ಮ ಹಲ್ಲು ಮಾಡುತ್ತಿದ್ದ. ಕೆಟ್ಟದ್ದು ಸೋದರಮಾವನ ಹಲ್ಲಿನಿಂದ. ಮಾವ ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಮೈಕಿನಲ್ಲಿ ಕೂಗಿ ಹೇಳುತ್ತಿದ್ದ ಕಂಚಿನ ಕಂಠದ ಮನುಷ್ಯ. ನಿವೃತ್ತನಾದ ಮೇಲೆ ಹಲ್ಲೆಲ್ಲ ಉದುರಿ, ಸೋದರಳಿಯಂದಿರಿಬ್ಬರೂ ಸೇರಿ ಹೊಸ ಹಲ್ಲು ಕಟ್ಟಿಕೊಟ್ಟರು. ಹಾಕಿಕೊಂಡು ಬಾಯಿ ತೆರೆದರೆ "ಸ" ಬಂದಲ್ಲೆಲ್ಲ ಸೀಟಿ! ಸಕ್ಕರೆ ಕೇಳಿದರೂ ಸೀಟಿ, ಸೊಸೆಯನ್ನು ಕರೆದರೂ ಸೀಟಿ. ಕೆಲಸ ಸರಿಯಿಲ್ಲ ಎಂದು ಅಣ್ಣ ಹೇಳಿದ. ಅಳತೆ ಸರಿಯಿಲ್ಲ ಎಂದು ತಮ್ಮ ಹೇಳಿದ. ಹೊಸ ಜೊತೆ ಮಾಡಿಕೊಟ್ಟರೆ ತಪ್ಪು ತನ್ನದೆಂದು ಒಪ್ಪಿಕೊಂಡಂತೆ, ಹಾಗಾಗಿ ಇಬ್ಬರೂ ಮಾಡಿಕೊಡಲಿಲ್ಲ. ಮಾತು ಬಿಟ್ಟರು. ಅಣ್ಣ ಹಲ್ಲಿನ ಕೆಲಸವನ್ನು ಹೊರಗಿನ ಲ್ಯಾಬಿಗೆ ಕಳಿಸತೊಡಗಿದ. ತಮ್ಮ ಬೇರೆ ಡಾಕ್ಟರುಗಳ ಕೆಲಸ ಹಿಡಿದ. ಇಂಟರ್ನೆಟ್ಟೂ ಬೇರೆ, ಪೆಟ್ಟಿಗೆಯೂ ಬೇರೆ ಆಯಿತು. ಇಬ್ಬರೂ ಬೇರೆ ಬೇರೆ ದಿನ ಇನ್ನೂರಣ್ಣನನ್ನು ಕರೆಸಿದರು. ಬೇರೆಯಾದ ಮೇಲೆ ಅದು ಬೇರೆ ಮನೆಯೇ ಎಂದುಕೊಂಡು ಅವನು ಎಡಕ್ಕೂ ಇನ್ನೂರು, ಬಲಕ್ಕೂ ಇನ್ನೂರು ಕೊಟ್ಟು ಕೈ ತೊಳೆದುಕೊಂಡಿದ್ದ.

ಪಾಪ, ಮಾವ ಮಾತ್ರ ದಿನಾ ಬಂದು ಹಜಾರದ ಬೆಂಚಿನಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ಸೀಟಿ ಎಡಬಾಗಿಲಿಗೂ ಬಲಬಾಗಿಲಿಗೂ ಸಮನಾಗಿ ಕೇಳುತ್ತಿತ್ತು. ಅದು ಕೇಳಿದಾಗಲೆಲ್ಲ ತನ್ನ ತಪ್ಪಿಲ್ಲ ಎಂದು ಅಣ್ಣ ಹಲ್ಲು ಕಡಿಯುತ್ತಿದ್ದ, ತನ್ನ ತಪ್ಪಿಲ್ಲ ಎಂದು ತಮ್ಮನೂ ಕಡಿಯುತ್ತಿದ್ದ.

ಇನ್ನೂರಣ್ಣ ಅಂದು ಹಜಾರಕ್ಕೆ ಕಾಲಿಟ್ಟಾಗ ನೆಲದ ಮೇಲೆ ಉದ್ದಕ್ಕೊಂದು ಸುಣ್ಣದ ಗೆರೆ ಕಂಡಿತು. ಹೊಸ್ತಿಲಿನಿಂದ ಹೊರಟ ಗೆರೆ ಅಕ್ಕನ ಮೇಜಿನ ಮುಂಬದಿ ಹತ್ತಿ, ಮೇಜಿನ ನಟ್ಟನಡುವೆ ಹಾದು, ಆಚೆ ಬದಿಯಲ್ಲಿಳಿದು ಹಿಂದಿನ ಗೋಡೆಗೆ ಮುಟ್ಟಿತ್ತು. ಪೆನ್ನಿನ ಡಬ್ಬಿ ಗೆರೆಯ ಎಡಕ್ಕೆ, ನೀರಿನ ಲೋಟ ಬಲಕ್ಕೆ.

"ಏನಕ್ಕಾ ಇದು?"

"ಗೋಡೆ," ಎಂದಳು ಅಕ್ಕ. "ಸೋಮವಾರ ಗಾರೆಯವನು ಬರ್ತಾನೆ. ಇಷ್ಟು ದಿನ ಮಾತು ಮಾತ್ರ ಇರ್ಲಿಲ್ಲ, ಇನ್ಮೇಲೆ ಮುಖಾನೂ ಬೇಡ್ವಂತೆ. ಗುರುತು ಹಾಕೋಕೆ ಬಂದ ಗಾರೆಯವನಿಗೆ ಮೇಜು ಅಡ್ಡ ಇದೆಯಲ್ಲ ಅಂದ್ರೆ, ಗೆರೆ ಮೇಜಿನ ಮೇಲೇ ಎಳೆದು ಹೋದ."

"ಮತ್ತೆ ನೀವು?"

"ಅದೇ ನಾನೂ ಕೇಳಿದ್ದು. ಯಾವ ಕಡೆ ಕೂರ್ತೀಯೋ ನೀನೇ ಹೇಳು ಅಂತಾರೆ, ಇಬ್ರೂ." ಅಕ್ಕ ಗೆರೆಯ ಮೇಲೆ ಬೆರಳಿಡಲು ಹೋಗಿ ಹಿಂತೆಗೆದಳು. "ಎಡಗಣ್ಣು ಬೇಕೋ ಬಲಗಣ್ಣು ಬೇಕೋ ಅಂದ ಹಾಗಾಯ್ತು."

ಇನ್ನೂರಣ್ಣನಿಗೆ ಪಾಪ ಅನ್ನಿಸಿತು. ಆದರೆ ಗೋಡೆ ಅವನ ಕಸುಬಲ್ಲ. ಅವನು ಎಡಬಾಗಿಲು ತಟ್ಟಿ ಒಳಗೆ ಹೋದ.

ಡಾಕ್ಟರ್ ಕನ್ನಡಿ ಒರೆಸುತ್ತ ನಿಂತಿದ್ದರು. "ನೋಡಿ, ಕೆಲವು ಸಲ ಚೆನ್ನಾಗಿ ಬರುತ್ತೆ, ಕೆಲವು ಸಲ ಕೆಟ್ಟದಾಗಿ ಬರುತ್ತೆ. ಯಾವಾಗ್ಲೂ ಚೆನ್ನಾಗೇ ಬರೋ ಹಾಗೆ ಮಾಡಿ."

"ಡಾಕ್ಟ್ರೇ, ಪೆಟ್ಟಿಗೆ ಕಾಣಿಸುತ್ತೆ, ಇಲ್ಲಾ ಕಾಣಿಸಲ್ಲ. ಚೆನ್ನಾಗಿ ಕಾಣಿಸೋದು ಅಂತ ಒಂದಿಲ್ಲ."

"ಅದೆಲ್ಲ ನಂಗೊತ್ತಿಲ್ಲ. ಚೆನ್ನಾಗಿ ಬರ್ಬೇಕು, ಅಷ್ಟೇ."

ಓದಿದವರ ಮಾತು ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬಾರದು ಎಂಬುದು ಇನ್ನೂರಣ್ಣನ ನಿಯಮ. ಅವನು ತನ್ನ ಲ್ಯಾಪ್‌ಟಾಪನ್ನು ಅಲ್ಲಿನ ನೆಟ್‌ವರ್ಕಿಗೆ ಸಿಕ್ಕಿಸಿ ಇನ್ನೂರನ್ನು ಕೂಗಿದ. ಹೀಗೆ ಕೂಗಿ ನೋಡುವುದಕ್ಕೆ ಪಿಂಗ್ ಎನ್ನುತ್ತಾರೆ. ಪೆಟ್ಟಿಗೆ ಬದುಕಿದ್ದರೆ ಇದ್ದೇನೆ, ಇದ್ದೇನೆ ಎಂದು ಪರದೆಯ ಮೇಲೆ ಸಾಲುಸಾಲಾಗಿ ಉತ್ತರ ಬೀಳುತ್ತದೆ. ಉತ್ತರಗಳು ಬಿದ್ದವು. ಸರಿ, ಒಮ್ಮೆ ಆರಿಸಿ ಹೊತ್ತಿಸೋಣ ಎಂದು ಪೆಟ್ಟಿಗೆಯ ಪ್ಲಗ್ ಕಿತ್ತ. ಹಸಿರು ದೀಪ ಆರಿತು, ಗುಂಯ್ ನಿಂತಿತು. ಅಭ್ಯಾಸಬಲದಿಂದ ಪರದೆಯ ಕಡೆ ನೋಡಿದ.

ಇದ್ದೇನೆ. ಇದ್ದೇನೆ. ಇದ್ದೇನೆ.

ಇನ್ನೂರಣ್ಣ ಕೈಯಲ್ಲಿದ್ದ ಪ್ಲಗ್ ನೋಡಿದ. ಪೆಟ್ಟಿಗೆಯನ್ನು ಮುಟ್ಟಿ ನೋಡಿದ, ಕುಲುಕಿ ನೋಡಿದ. ಕೊನೆಗೆ ಅದರ ನೆಟ್‌ವರ್ಕ್ ಕೇಬಲನ್ನೂ ಕಿತ್ತು, ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿ ಮಡಿಲಿನಲ್ಲಿ ಕೂರಿಸಿಕೊಂಡ. ಅದು ಇನ್ನೂ ಉತ್ತರ ಕೊಡುತ್ತಲೇ ಇತ್ತು. ಇಷ್ಟು ವರ್ಷದ ಕಸುಬಿನಲ್ಲಿ ಸತ್ತ ಪೆಟ್ಟಿಗೆ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಅವನ ಬೆನ್ನು ಬೆವತಿತು. ಶವಪೆಟ್ಟಿಗೆ ಮಾಡುವವನಿಗೆ ಕೂರಿಸಿಕೊಟ್ಟ ಪೆಟ್ಟಿಗೆಯೂ ಯಾಕೋ ನೆನಪಾಯಿತು.

ಆಮೇಲೆ ಬುದ್ಧಿ ಓಡಿತು. ಸತ್ತದ್ದು ಮಾತಾಡುವುದಿಲ್ಲ, ಬೇರೆ ಯಾರೋ ಬದುಕಿರುವವರು ಇದರ ಹೆಸರಿನಲ್ಲಿ ಓಗೊಡುತ್ತಿದ್ದಾರೆ. ಈ ಕಟ್ಟಡದಲ್ಲಿ ಇನ್ನೊಂದು ಇನ್ನೂರು ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಟ್ಟವನು ಅವನೇ. ಆದರೆ ಬಲಗಡೆಯ ಇನ್ನೂರು ಎಡಗಡೆಗೆ ಬಂದದ್ದು ಹೇಗೆ? ಎರಡು ನೆಟ್‌ವರ್ಕುಗಳೂ ಸೇರುವ ಜಾಗ ಒಂದೇ ಇತ್ತು. ಇಬ್ಬರ ಕೇಬಲುಗಳೂ ಬಂದು ನಿಲ್ಲುವುದು ಅಕ್ಕನ ಮೇಜಿನ ಕೆಳಗೆ, ಎಡಗಡೆಯವರ ಲೆಕ್ಕಕ್ಕೆ ಒಂದು ಕಂಪ್ಯೂಟರು, ಬಲಗಡೆಯವರ ಲೆಕ್ಕಕ್ಕೆ ಒಂದು.

ಪೆಟ್ಟಿಗೆಯನ್ನು ಮೊದಲಿನಂತೆ ಜೋಡಿಸಿಟ್ಟು ಅವನು ಹಜಾರಕ್ಕೆ ಬಂದ. "ಅಕ್ಕಾ, ಸ್ವಲ್ಪ ಕಾಲು ಎತ್ಕೊಳ್ಳಿ."

"ಯಾಕೆ? ಅಲ್ಲೇನೂ ಇಲ್ಲ," ಎಂದಳು ಅಕ್ಕ. ಅಷ್ಟು ಬೇಗ ಹೇಳಿದ್ದೇ ತಪ್ಪಾಯಿತು. ಇನ್ನೂರಣ್ಣ ಮೇಜಿನ ಕೆಳಗೆ ತೂರಿದ. ಅಕ್ಕ ಕಾಲಿಟ್ಟುಕೊಳ್ಳುವ ದಿಂಬಿನ ಅಡಿಯಲ್ಲಿ, ಎಡಗಡೆಯ ಕೇಬಲ್ ಡಬ್ಬಿಯಿಂದ ಬಲಗಡೆಯದಕ್ಕೆ, ಗೇಣುದ್ದದ ಒಂದು ಕೆಂಪು ಕೇಬಲ್ ಸಿಕ್ಕಿಸಿತ್ತು.

"ಇದನ್ನ ಯಾರು ಹಾಕಿದ್ದು?"

ಅಕ್ಕನೂ ಬಗ್ಗಿ ಮೇಜಿನ ಕೆಳಗೆ ತಲೆ ತಂದಳು. ಇಬ್ಬರೂ ಪಿಸುಗುಟ್ಟತೊಡಗಿದರು. ಬೆಂಚಿನ ಮೇಲೆ ಮಾವ ಹವಾಮಾನದ ಸುದ್ದಿಯನ್ನು ಸೀಟಿ ಹೊಡೆಯುತ್ತ ಓದುತ್ತಿದ್ದ, ಅದು ಒಳ್ಳೆಯದೇ ಆಯಿತು.

"ನಾನೇ ಹಾಕಿದ್ದು. ಮಂಡಿನೋವು ಇನ್ನೂರಣ್ಣ, ಒಬ್ಬನದಕ್ಕೆ ಈ ಕಂಪ್ಯೂಟರು, ಇನ್ನೊಬ್ಬನದಕ್ಕೆ ಆ ಕಂಪ್ಯೂಟರು ಅಂತ ದಿನವಿಡೀ ಎದ್ದು ಕೂತು ಮಾಡೋಕಾಗ್ತಿರ್ಲಿಲ್ಲ. ಎರಡೂ ಸೇರಿಸಿದ್ರೆ ಒಂದರಲ್ಲೇ ಎರಡೂ ಬರುತ್ತೆ ಅಂತ ಅಂಗಡಿಯವನು ಹೇಳಿದ. ಬಂತು."

"ಬಂದೇ ಬರುತ್ತೆ! ಇಂಟರ್ನೆಟ್ ಹಂಚೋ ರೌಟರ್‌ಗಳು ಬೇರೆ ಬೇರೆ ನಂಬರಿನವು, ಅವು ಹೊಂದಿಕೊಂಡ್ವು. ಪೆಟ್ಟಿಗೆಗಳು ಹೊಂದಿಕೊಳ್ಳಲ್ಲ. ಎರಡೂ ಇನ್ನೂರು. ಕೂಗಿದ್ರೆ ಒಂದ್ಸಲ ಇದು ಓಗೊಡುತ್ತೆ, ಒಂದ್ಸಲ ಅದು."

"ಗೊತ್ತು," ಎಂದಳು ಅಕ್ಕ.

ಗೊತ್ತು ಎಂದದ್ದು ಕೇಳಿ ಇನ್ನೂರಣ್ಣ ತಲೆ ಎತ್ತಲು ಹೋಗಿ ಮೇಜಿಗೆ ಹೊಡೆಸಿಕೊಂಡ. ಅಕ್ಕ ಹೇಳುತ್ತ ಹೋದಳು. ದೊಡ್ಡವನು ಬಾಯಿಯ ಅಳತೆಯನ್ನು ಯಂತ್ರದಲ್ಲಿ ತೆಗೆದು ಸೇವ್ ಮಾಡುತ್ತಾನೆ. ಅವನ ಪೆಟ್ಟಿಗೆ ಓಗೊಟ್ಟರೆ ಅಳತೆ ಅಲ್ಲಿಗೆ ಹೋಗುತ್ತದೆ, ಸಂಜೆ ಅಕ್ಕ ಅದನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತಾಳೆ. ಚಿಕ್ಕವನ ಪೆಟ್ಟಿಗೆ ಓಗೊಟ್ಟರೆ? ಫೋಲ್ಡರೂ ಅದೇ ಹೆಸರು, ಪಾಸ್‌ವರ್ಡೂ ಅದೇ. ಅಳತೆ ಸದ್ದಿಲ್ಲದೆ ಬಲಗಡೆಗೆ ಹೋಗಿ ಕೂರುತ್ತದೆ. ಚಿಕ್ಕವನು ಯಾವುದೋ ಡಾಕ್ಟರು ಕಳಿಸಿದ್ದೆಂದು ಹಲ್ಲು ಮಾಡಿ ತಂದು ಮೇಜಿನ ಮೇಲಿಡುತ್ತಾನೆ.

"ಮೊದಲನೇ ಸಲ ನಂಗೂ ಗಾಬರಿ ಆಯ್ತು. ಆಮೇಲೆ ಆ ಹಲ್ಲನ್ನ ಹೊರಗಿನ ಲ್ಯಾಬಿನ ಡಬ್ಬಿಗೆ ಹಾಕಿ ದೊಡ್ಡವನಿಗೆ ಕೊಟ್ಟೆ. ಅವನು ಪೇಷೆಂಟಿಗೆ ಹಾಕಿ ನೋಡಿ, ಎಷ್ಟು ಚೆನ್ನಾಗಿ ಕೂತಿದೆ, ಕೆಲಸ ಅಂದ್ರೆ ಇದು ಅಂದ. ಇನ್ನೂರಣ್ಣ, ನಾನು ಒಳಗೆ ಹೋಗಿ ಅತ್ತುಬಿಟ್ಟೆ." ಅವಳು ಕೆಂಪು ಕೇಬಲನ್ನು ಬೆರಳಿನಿಂದ ಮುಟ್ಟಿದಳು. "ಮಾತಾಡಲ್ಲ ಅಂದವರು ಗೊತ್ತಿಲ್ಲದೇ ಜೊತೆಗೆ ಕೆಲಸ ಮಾಡ್ತಿದಾರೆ. ಇದನ್ನ ನಾನು ಕೀಳ್ಲಾ?"

"ಆದ್ರೆ ಸೋಮವಾರ ಗೋಡೆ..."

"ಅದಕ್ಕೇ ಹೇಳ್ತಿರೋದು. ಮಾವನ ಬಾಯಿ ಇನ್ನೊಂದ್ಸಲ ಅಳತೆ ತಗೋ, ಹೊರಗಿನ ಲ್ಯಾಬಿಗೇ ಕಳ್ಸೋಣ ಅಂತ ದೊಡ್ಡವನಿಗೆ ದುಂಬಾಲು ಬಿದ್ದು ಒಪ್ಪಿಸಿದೀನಿ. ಇವತ್ತು ಮಧ್ಯಾಹ್ನ. ಆ ಅಳತೆ ಬಲಗಡೆಗೆ ಹೋಗ್ಬೇಕು. ಅವನು ಅಳತೆ ತೆಗೆದು ಇವನು ಹಲ್ಲು ಮಾಡಿ, ಮಾವನ ಸೀಟಿ ನಿಂತುಬಿಟ್ರೆ ಜಗಳಕ್ಕೆ ಇನ್ನೇನು ಉಳಿಯುತ್ತೆ ಹೇಳು? ಸೋಮವಾರದ ತನಕ ರಿಪೇರಿ ಮಾಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ರಿಪೇರಿ ಮಾಡಬೇಡ! ಇನ್ನೂರಣ್ಣನ ಜನ್ಮದಲ್ಲಿ ಅವನಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಕಂಡ ತೊಂದರೆಯನ್ನು ಬಿಟ್ಟು ಬಂದರೆ ಅವನಿಗೆ ಊಟ ಸೇರುವುದಿಲ್ಲ. "ಆಗಲ್ಲ ಅಕ್ಕಾ. ತಪ್ಪು ಈ ಕೇಬಲಿನದ್ದು ಅಂತ ಈಗಲೇ ಹೇಳಿಬಿಡ್ತೀನಿ."

"ಹೇಳು. ಕೇಬಲ್ ನಂದು, ನಂಬರ್ ನಿಂದು. ಇಬ್ರೂ ಒಟ್ಟಿಗೆ ಸಿಕ್ಕಿಹಾಕ್ಕೊಳ್ಳೋಣ."

ಇನ್ನೂರಣ್ಣ ಬೆಪ್ಪಾದ. ಊರಿನ ಎಲ್ಲ ಇನ್ನೂರುಗಳೂ ಅವನ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಮೇಜಿನ ಕೆಳಗಿಂದ ನೋಡಿದರೆ ಹಲಗೆಯ ಅಂಚಿನಿಂದ ಇಳಿದ ಸುಣ್ಣದ ಗೆರೆ ಅಕ್ಕನ ಎರಡು ಮಂಡಿಗಳ ನಡುವೆ ಸರಿಯಾಗಿ ಬಂದಿತ್ತು. ಅವಳ ಒಂದು ಚಪ್ಪಲಿ ಅತ್ತ, ಒಂದು ಇತ್ತ. ಅವನು ದಿಂಬನ್ನು ಎತ್ತಿ ಕೆಂಪು ಕೇಬಲಿನ ಮೇಲೆ ಇದ್ದ ಹಾಗೆಯೇ ಇಟ್ಟ.

ಮಧ್ಯಾಹ್ನ ಡಾಕ್ಟರು ಮಾವನನ್ನು ಕುರ್ಚಿಯಲ್ಲಿ ಮಲಗಿಸಿ ಅಳತೆ ಯಂತ್ರದ ತುದಿಯನ್ನು ಬಾಯೊಳಗೆ ತಿರುಗಿಸುತ್ತಿದ್ದರು. ಅಳತೆ ಬಲಗಡೆಗೆ ಹೋಗಬೇಕಾದರೆ ಎಡಗಡೆಯ ಪೆಟ್ಟಿಗೆ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಇನ್ನೂರಣ್ಣ ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಪೆಟ್ಟಿಗೆಯನ್ನು ತಬ್ಬಿಕೊಂಡು, ಪ್ಲಗ್ ಕಿತ್ತು ಅಂಗೈಯಲ್ಲಿ ಬಚ್ಚಿಟ್ಟುಕೊಂಡ.

"ಏನು ಮಾಡ್ತಿದೀರಿ ಅಲ್ಲಿ?" ಎಂದರು ಡಾಕ್ಟರು, ತಿರುಗಿ ನೋಡದೆ.

"ಅದು... ಪೆಟ್ಟಿಗೆ ಉಸಿರಾಟ ಕೇಳ್ತಿದೀನಿ ಡಾಕ್ಟ್ರೇ."

ಡಾಕ್ಟರು ಬಿಪಿ ನೋಡಲು ಇಟ್ಟುಕೊಂಡಿದ್ದ ಸ್ಟೆತಸ್ಕೋಪನ್ನು ಮೇಜಿನಿಂದ ಎತ್ತಿ ಹಿಂದಕ್ಕೆ ಚಾಚಿದರು. ಬೇರೆ ದಾರಿಯಿಲ್ಲದೆ ಇನ್ನೂರಣ್ಣ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಬೆನ್ನಿಗೆ ಒತ್ತಿದ. ಅವನದೇ ಎದೆಬಡಿತ ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಹೇಗಿದೆ?"

"ಸದ್ಯಕ್ಕೆ ನಿಂತಿದೆ."

ಡಾಕ್ಟರು ತಿರುಗಿ ಆರಿದ ದೀಪವನ್ನು ನೋಡಿದರು. ಇನ್ನೂರಣ್ಣನ ಅಂಗಿಯ ತೋಳಿನಿಂದ ಇಣುಕುತ್ತಿದ್ದ ಪ್ಲಗ್ಗಿನ ವೈರನ್ನೂ ನೋಡಿದರು. ಇನ್ನೇನು ಗ್ರಹಚಾರ ಬಿಡಿಸುತ್ತಾರೆ ಎಂದು ಅವನು ಕಣ್ಣು ಮುಚ್ಚಿದ. ಆದರೆ ಅವರು ಯಂತ್ರದ ಗುಂಡಿ ಒತ್ತಿ, ಪರದೆ ನೋಡಿ, "ಸೇವ್ ಆಯ್ತು," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಶುಕ್ರವಾರ, ಶನಿವಾರ ಇನ್ನೂರಣ್ಣ ಮಾಡಿದ್ದು ಅವನ ಬಾಳಿನ ಅತಿ ಕಷ್ಟದ ಕೆಲಸ, ಏನೂ ಮಾಡದಿರುವುದು. ಬೆಳಿಗ್ಗೆ ಬಂದು ಕೇಬಲುಗಳನ್ನು ಬಿಚ್ಚಿ ಅದೇ ಜಾಗಕ್ಕೆ ಸಿಕ್ಕಿಸುತ್ತಿದ್ದ. ಗೋಡೆಗೆ ಕಿವಿಯಿಟ್ಟು ತಲೆದೂಗುತ್ತಿದ್ದ. ಬಲಗಡೆಗೆ ಹೋದಾಗ ತಮ್ಮ ತನ್ನ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಭೂತಗನ್ನಡಿ ಹಾಕಿಕೊಂಡು ಏನನ್ನೋ ಉಜ್ಜುತ್ತಿದ್ದ. "ಪೆಟ್ಟಿಗೆ ಮುಟ್ಬೇಡಿ, ಸೋಮವಾರದ ತನಕ ಹಾಗೇ ಇರ್ಲಿ," ಎಂದು ಇನ್ನೂರಣ್ಣ ಹೇಳಿದಾಗ, ತಮ್ಮ ಯಾಕೆ ಏನು ಎಂದು ಕೇಳದೆ "ಆಗ್ಲಿ" ಎಂದ. ಫೋನಿನಲ್ಲಿ ಅಷ್ಟು ಕೂಗಾಡಿದ್ದವನು ಈಗ ಇಷ್ಟು ಸಾಧು ಹೇಗಾದ ಎಂದು ಇನ್ನೂರಣ್ಣನಿಗೆ ಆಶ್ಚರ್ಯವಾಯಿತು.

ಊರು ಸುಮ್ಮನಿರುತ್ತದೆಯೇ? ಹಲ್ಲಿನವರ ಮನೆಯಲ್ಲಿ ಇನ್ನೂರಣ್ಣ ಸೋತನಂತೆ ಎಂಬ ಸುದ್ದಿ ಉಪ್ಪು ಖಾರ ಹಚ್ಚಿಕೊಂಡು ಅವನ ಹೆಂಡತಿಯ ಕಿವಿಗೂ ಬಿತ್ತು. "ಏನ್ರೀ, ಸ್ಟೆತಸ್ಕೋಪ್ ಹಿಡ್ಕೊಂಡು ಪೆಟ್ಟಿಗೆ ನೋಡ್ತೀರಂತೆ? ಹುಷಾರಾಗಿದೀರಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ಹಾಗಿದ್ದರೂ, ಗೆರೆಯ ಎರಡೂ ಬದಿಗೆ ಕಾಲಿಟ್ಟು ಕೂತ ಅಕ್ಕನ ಮುಖ ನೆನಪಾದರೆ ನಾಚಿಕೆ ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಾರೆಯವನು ಇಟ್ಟಿಗೆ, ನೂಲುಗುಂಡು, ಕರಣೆಗಳೊಂದಿಗೆ ಬಂದು ಹೊಸ್ತಿಲಲ್ಲಿ ಕೂತ. "ಮೇಜು ಎತ್ತಿಸಿದ್ರೆ ಶುರು ಮಾಡ್ತೀನಿ," ಎಂದ. "ಒಂಚೂರು ಇರಪ್ಪ," ಎಂದಳು ಅಕ್ಕ. ಅವಳ ಮುಂದೆ ಹೊರಗಿನ ಲ್ಯಾಬಿನ ಡಬ್ಬಿ ಖಾಲಿಯಾಗಿ ಕೂತಿತ್ತು.

ಬಲಬಾಗಿಲು ತೆರೆಯಿತು. ತಮ್ಮ ಬಂದು ಹತ್ತಿಯಲ್ಲಿ ಸುತ್ತಿದ ಹಲ್ಲಿನ ಜೊತೆಯನ್ನು ಮೇಜಿನ ಮೇಲಿಟ್ಟು, ಯಾರದೆಂದು ಹೇಳದೆ, ಯಾರ ಮುಖವನ್ನೂ ನೋಡದೆ ಹಿಂತಿರುಗಿದ. ಅಕ್ಕ ಅದನ್ನು ಡಬ್ಬಿಗೆ ಹಾಕಿ ಎಡಬಾಗಿಲಿಗೆ ಕೊಟ್ಟಳು. ಮಾವ ಒಳಗೆ ಹೋದ. ಒಳಗೆ ಮಾತೇ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ ಬಾಯಿ ಬಿಗಿ ಹಿಡಿದುಕೊಂಡು ಹೊರಗೆ ಬಂದ.

"ಏನಂದ?" ಎಂದಳು ಅಕ್ಕ.

ಹೊರಗೆ ಹೋಗಿ ಮಾತಾಡು, ಇಲ್ಲಿ ಬೇಡ ಎಂದನಂತೆ. ಇದನ್ನು ಮಾವ ಹೇಳಿದ್ದೂ ಕೈಸನ್ನೆಯಲ್ಲೇ. ಸೀಟಿ ಬಂದೀತೆಂದು ಅವನಿಗೇ ಭಯ.

ಎರಡೂ ಬಾಗಿಲುಗಳು ಮುಚ್ಚಿದ್ದವು. ಎರಡರ ಕೆಳಗಿನ ಸಂದಿಯಲ್ಲೂ ಚಪ್ಪಲಿಯ ನೆರಳು ಕಾಣುತ್ತಿತ್ತು. ಇನ್ನೂರಣ್ಣ ಪಿಂಗ್ ಮಾಡಿ ಉತ್ತರಕ್ಕೆ ಕಾಯುವಾಗಿನ ಹಾಗೆ ಉಸಿರು ಬಿಗಿಹಿಡಿದಿದ್ದ. ಅಕ್ಕ ಪತ್ರಿಕೆಯನ್ನು ಮಾವನ ಕೈಗಿತ್ತಳು. "ಓದು ಮಾವ. ನಮ್ಮಪ್ಪ ಅಲ್ವಾ, ಓದು."

ಮಾವ ಪತ್ರಿಕೆ ಬಿಡಿಸಿದ. ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿ, ಪತ್ರಿಕೆ ಬಿಟ್ಟು, ತನ್ನ ಹಳೆಯ ಮೈಕಿನ ಮುಂದೆ ನಿಂತವನಂತೆ ಎದೆ ಸೆಟೆದ.

"ಪ್ರಯಾಣಿಕರ ಗಮನಕ್ಕೆ. ಸಂಜೆಯ ಸೂಪರ್‌ಫಾಸ್ಟ್ ಎಕ್ಸ್‌ಪ್ರೆಸ್ ಸಾಕಷ್ಟು ವಿಳಂಬವಾಗಿ ಸಂಚರಿಸುತ್ತಿದ್ದು, ಸಹಕರಿಸಲು ಸವಿನಯವಾಗಿ..."

ಸೀಟಿಯಿಲ್ಲ! ಒಂದು "ಸ"ಕ್ಕೂ ಇಲ್ಲ. ಕಂಚಿನ ಕಂಠ ಗೋಡೆಗೆ ಬಡಿದು ಹಿಂತಿರುಗಿತು. ಗಾರೆಯವನು ಯಾವ ಗಾಡಿ ಎಂದು ಎದ್ದು ನಿಂತ.

ಎರಡೂ ಬಾಗಿಲು ಒಟ್ಟಿಗೆ ತೆರೆದವು. ಅಣ್ಣ ಇತ್ತಲಿಂದ, ತಮ್ಮ ಅತ್ತಲಿಂದ ಬಂದು ಮೇಜಿನ ಎರಡು ಬದಿಗೆ ನಿಂತರು. ಯಾರು ಮೊದಲು ಬಾಯಿ ಬಿಡುವುದು ಎಂದು ಇಬ್ಬರೂ ಕಾದರು. ಅಣ್ಣ ಸೋತ.

"ಅಳತೆ ಸರಿಯಿತ್ತು ನೋಡು. ಅದಕ್ಕೇ ಸೀಟಿ ಬರ್ಲಿಲ್ಲ."

"ಕೆಲಸ ಸರಿಯಿತ್ತು ಅಣ್ಣ. ಅದಕ್ಕೇ ಬರ್ಲಿಲ್ಲ."

ಅಕ್ಕ ಚಿಕ್ಕವನ ಕಡೆ ತಿರುಗಿದಳು. "ಅಂದ್ರೆ... ನಿಂಗೆ ಗೊತ್ತಿತ್ತಾ ಅದು ಮಾವನ ಬಾಯಿ ಅಂತ?"

"ಮಾವನ ದವಡೆ ನಂಗೆ ಗೊತ್ತಾಗಲ್ವಾ ಅಕ್ಕಾ? ಎಡಗಡೆ ಒಂದು ಉಬ್ಬಿದೆ. ಆಮೇಲೆ ಎಷ್ಟು ರಾತ್ರಿ ಅದನ್ನೇ ನೆನೆಸ್ಕೊಂಡು ನಿದ್ದೆಗೆಟ್ಟಿದೀನಿ." ತಮ್ಮ ತನ್ನ ದವಡೆ ಮುಟ್ಟಿ ತೋರಿಸಿದ. "ಈ ಸಲ ಸುಮ್ನೆ ಕೂತು, ಮೂರು ದಿನ ಅದನ್ನೇ ತಿದ್ದಿದೆ."

ಅಣ್ಣ ಮೂಗು ಒರೆಸಿಕೊಂಡ. "ನನ್ನನ್ನೇನು ಕುರುಡ ಅಂದ್ಕೊಂಡ್ರಾ? ಲ್ಯಾಬಿನ ಡಬ್ಬೀಲಿ ಹಾಕಿಕೊಟ್ಟ ಮಾತ್ರಕ್ಕೆ ಇವನ ಕೆಲಸ ನಂಗೆ ಗೊತ್ತಾಗಲ್ವಾ? ಮೊದಲನೇ ಜೊತೆಯಿಂದ ಗೊತ್ತು. ಮಧ್ಯೆ ಮಧ್ಯೆ ಆ ಲ್ಯಾಬಿನ ದರಿದ್ರ ಹಲ್ಲೂ ಬರ್ತಾನೇ ಇತ್ತಲ್ಲ, ಅದಕ್ಕೇ ಇವರನ್ನ ಕರೆಸಿದ್ದು. ಯಾವಾಗ್ಲೂ ಚೆನ್ನಾಗಿ ಬರೋ ಹಾಗೆ ಮಾಡಿ ಅಂದ್ರೆ ಇವರಿಗೆ ಅರ್ಥ ಆಗ್ಬೇಕಲ್ಲ!"

ಇನ್ನೂರಣ್ಣ ಮುಖ ಹುಳ್ಳಗೆ ಮಾಡಿಕೊಂಡ.

"ಹಾಗಾದ್ರೆ ಗೋಡೆ ಯಾಕ್ರೋ ಕಟ್ಟಿಸ್ತಿದ್ರಿ?" ಎಂದು ಅಕ್ಕ ಕಿರುಚಿದಳು. ಅಷ್ಟು ವರ್ಷದ ಸಂಕಟ ಆ ಒಂದು ಕೂಗಿನಲ್ಲಿ ಹೊರಬಂತು.

"ಅವನು ಬೇಡ ಅಂತಾನೆ ಅಂತ ಕಾಯ್ತ ಇದ್ದೆ."

"ನಾನು ಅಣ್ಣ ಬೇಡ ಅಂತಾನೆ ಅಂತ ಕಾಯ್ತ ಇದ್ದೆ."

ಅಕ್ಕ ಒಬ್ಬನ ತಲೆಗೆ ಎಡಗೈಯಿಂದ, ಇನ್ನೊಬ್ಬನ ತಲೆಗೆ ಬಲಗೈಯಿಂದ ಒಂದೊಂದು ಬಿಟ್ಟಳು. ಅವರು ಲೆಕ್ಕಿಸದೆ ಅಳತೆಯೋ ಕೆಲಸವೋ ಎಂದು ಮೇಜಿನ ಮೇಲೆ ಮೊಣಕೈ ಊರಿ ವಾದಕ್ಕೆ ಇಳಿದೇಬಿಟ್ಟರು. ಡಾಕ್ಟರ ಬಿಳಿ ಕೋಟಿನ ತೋಳು ಮೇಜಿನ ಮೇಲೆ ಅತ್ತಿತ್ತ ಓಡಾಡಿತು. ವಾದ ಅರ್ಧಕ್ಕೆ ಬರುವಷ್ಟರಲ್ಲಿ ಗೆರೆಯೆಲ್ಲ ಅವರ ತೋಳಿಗೆ ಮೆತ್ತಿಕೊಂಡಿತ್ತು.

"ಸ್ವಾಮೀ, ಗೆರೆ ಹೋಯ್ತಲ್ಲ, ನಾನೆಲ್ಲಿ ಕಟ್ಲಿ?" ಎಂದ ಗಾರೆಯವನು. ಮಾವ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಕ್ಕರೆ ಹೆಚ್ಚು ಹಾಕಿದ ಕಾಫಿಗೆ ಹೇಳಿದ, ಸಕ್ಕರೆ ಎನ್ನುವ ಮಾತನ್ನು ಬೇಕೆಂದೇ ಮೂರು ಸಲ ಹೇಳಿದ.

ಕೊನೆಗೆ ಇನ್ನೂರಣ್ಣನ ಸರದಿ ಬಂತು. ತೊಂದರೆ ಏನಾಗಿತ್ತು ಎಂದು ಡಾಕ್ಟರು ಕೇಳಿದರು. ಅವನು ಕೆಂಪು ಕೇಬಲಿನ ಸುದ್ದಿ ಎತ್ತಲಿಲ್ಲ. "ಎರಡಕ್ಕೂ ನಾನು ಇನ್ನೂರು ಕೊಟ್ಟಿದ್ದೆ. ತಪ್ಪು ನಂದು," ಎಂದ. ಆ ಮಾತು ಬಾಯಿಂದ ಬರುವಾಗ ಅವನದೇ ಒಂದು ಹಲ್ಲು ಕಿತ್ತಂತಾಯಿತು. "ಒಂದನ್ನ ಇನ್ನೂರೊಂದು ಮಾಡಿದ್ರೆ ಸರಿಹೋಗುತ್ತೆ."

"ನಾನು ದೊಡ್ಡವನು. ನಾನ್ಯಾಕೆ ಇನ್ನೂರೊಂದು ಆಗ್ಲಿ?"

"ಪೆಟ್ಟಿಗೆ ಮೊದಲು ತಂದವನು ನಾನು. ನಾನ್ಯಾಕೆ ಆಗ್ಲಿ?"

ಮತ್ತೆ ಶುರುವಾಯಿತಲ್ಲಪ್ಪಾ ಎಂದು ಇನ್ನೂರಣ್ಣನ ಜೀವ ಬಾಯಿಗೆ ಬಂತು. ಅಕ್ಕ ಇಬ್ಬರನ್ನೂ ನೋಡಿದಳು. "ಒಂದನ್ನ ಕಿತ್ತುಹಾಕು ಇನ್ನೂರಣ್ಣ," ಎಂದಳು. "ಒಂದು ಮನೆಗೆ ಒಂದು ಪೆಟ್ಟಿಗೆ ಅಂತ ನೀನೇ ಹೇಳ್ತಿದ್ದೆಯಲ್ಲ."

ಅಣ್ಣ ತನ್ನ ಎಡಬಾಗಿಲನ್ನು ತೆರೆದು ಹಿಡಿದ. ಇನ್ನೂರಣ್ಣ ಎಡಗಡೆಯದರ ಫೈಲುಗಳನ್ನೆಲ್ಲ ಬಲಗಡೆಯದಕ್ಕೆ ಸೇರಿಸಿ, ಎಡಗಡೆಯ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದ. ಇನ್ನು ಕೆಂಪು ಕೇಬಲನ್ನೂ ತೆಗೆದು, ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಒಂದೇ ರೌಟರಿಗೆ ಸೇರಿಸಿಬಿಡೋಣ ಎಂದು ಮೇಜಿನ ಕೆಳಗೆ ತೂರಿದ. ಕೈ ಚಾಚಿದ್ದೇ ತಡ, ಅಕ್ಕ ಪಾದವನ್ನು ಮೆಲ್ಲಗೆ ತಂದು ಕೇಬಲಿನ ಮೇಲಿಟ್ಟಳು.

"ಅದು ಇರ್ಲಿ," ಎಂದಳು.

ನಿಯಮದ ಪ್ರಕಾರ ಅದು ಇರಬಾರದು. ಕಸುಬು ಬಲ್ಲ ಯಾರು ನೋಡಿದರೂ ನಗುತ್ತಾರೆ. ಇನ್ನೂರಣ್ಣ ಅವಳ ಕಾಲ ಕೆಳಗೆ ದಿಂಬು ಸರಿಯಾಗಿ ಇಟ್ಟು ಎದ್ದುಬಂದ.